ಅಮೆರಿಕದಲ್ಲಿ ಮಕ್ಕಳ ಜೊತೆ ಇರುವ ನಿವೃತ್ತ ಅಪ್ಪ-ಅಮ್ಮನಿಗೆ ಆರೋಗ್ಯ ವಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಪ್ಪ ಹಾಸನದಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ನಾನು ಇಲ್ಲಿನ ಪ್ರಜೆಯಾದ ಮೇಲೆ ಅರ್ಜಿ ಹಾಕಿ, 2019ರ ಜೂನ್‌ನಲ್ಲಿ ಅಪ್ಪ-ಅಮ್ಮ ಇಬ್ಬರನ್ನೂ ಗ್ರೀನ್ ಕಾರ್ಡ್ ಮೇಲೆ ನ್ಯೂಜೆರ್ಸಿಗೆ ಕರೆಸಿಕೊಂಡೆ. ಅವರ ಆಸ್ಪತ್ರೆ ಖರ್ಚಿನ ದಾರಿ ಹುಡುಕುತ್ತಾ ಒಂದಷ್ಟು ಕಲಿತೆ, ಒಂದಷ್ಟು ದುಡ್ಡು ಕಳೆದುಕೊಂಡೆ. ಈಗ ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಡಾಲರ್ ಲೆಕ್ಕ 2026ರದ್ದು. ಇದು ಪ್ರತಿ ವರ್ಷ ಬದಲಾಗುತ್ತದೆ.

ಅಪ್ಪನಿಗೆ 70 ವರ್ಷ. ಗ್ರೀನ್ ಕಾರ್ಡ್ ಕೈಗೆ ಬಂದ ಕೂಡಲೇ ಮೆಡಿಕೇರ್ ಸಿಗುತ್ತದೆ ಅಲ್ವಾ?

ಇಲ್ಲ. ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ. ಮೆಡಿಕೇರ್ 65 ದಾಟಿದವರಿಗೆ ಇರುವ ಸರ್ಕಾರಿ ವಿಮೆ ನಿಜ. ಆದರೆ ಹೊರಗಿನಿಂದ ಬಂದವರಿಗೆ ವಯಸ್ಸೊಂದೇ ಸಾಲದು. ಗ್ರೀನ್ ಕಾರ್ಡ್ ಇರಬೇಕು, ಜೊತೆಗೆ ಅಮೆರಿಕದಲ್ಲಿ ಸತತ 5 ವರ್ಷ ವಾಸ ಮಾಡಿರಬೇಕು. ಈ 5 ವರ್ಷದ ನಿಯಮವನ್ನು ಕೋರ್ಟಿನಲ್ಲಿ ಪ್ರಶ್ನಿಸಿದ್ದೂ ಆಗಿದೆ. 1976ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ನಿಯಮವನ್ನೇ ಎತ್ತಿಹಿಡಿಯಿತು.

ಹಾಗಾಗಿ ಟಿಕೆಟ್ ಬುಕ್ ಮಾಡುವ ಮೊದಲೇ ಕೂತು ಯೋಚಿಸಬೇಕಾದ್ದು ಈ 5 ವರ್ಷದ ಬಗ್ಗೆ. ಕುಟುಂಬಗಳು ಪೆಟ್ಟು ತಿನ್ನುವುದು ಇಲ್ಲೇ.

ನನ್ನ ಕಂಪನಿಯ ಇನ್ಶೂರೆನ್ಸ್‌ಗೆ ಅವರನ್ನು ಸೇರಿಸಬಹುದಾ?

ಸಾಮಾನ್ಯವಾಗಿ ಆಗುವುದಿಲ್ಲ. ಕಂಪನಿ ಪಾಲಿಸಿಯಲ್ಲಿ ಗಂಡ ಅಥವಾ ಹೆಂಡತಿ, 26 ವರ್ಷದೊಳಗಿನ ಮಕ್ಕಳು, ಅಷ್ಟೇ. ಊರಲ್ಲಿ ಎಷ್ಟೋ ಕಂಪನಿಗಳು ಅಪ್ಪ-ಅಮ್ಮನನ್ನೂ ಸೇರಿಸುತ್ತವೆ, ಅದನ್ನು ನೋಡಿ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ನಿಮ್ಮ ಎಚ್‌ಆರ್‌ನವರನ್ನು ಒಮ್ಮೆ ಕೇಳಿ ನೋಡಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ.

ಹಾಗಾದರೆ ಆ 5 ವರ್ಷ ಏನು ಮಾಡೋದು?

ಮುಖ್ಯ ದಾರಿ ಮಾರ್ಕೆಟ್‌ಪ್ಲೇಸ್, ಅಂದರೆ ಖಾಸಗಿ ಕಂಪನಿಗಳ ವಿಮಾ ಪ್ಲಾನ್ ಕೊಳ್ಳಲು ಸರ್ಕಾರ ಮಾಡಿರುವ ವ್ಯವಸ್ಥೆ. ಜನ ಒಬಾಮಾಕೇರ್ ಎನ್ನುವುದು ಇದನ್ನೇ. ಗ್ರೀನ್ ಕಾರ್ಡ್ ಇದ್ದವರು ಬಂದ ದಿನದಿಂದಲೇ ಇದಕ್ಕೆ ಅರ್ಹರು, 65 ದಾಟಿದ್ದರೂ ಪರವಾಗಿಲ್ಲ. ಮೆಡಿಕೇರ್ ಸಿಗದವರು ಎಷ್ಟೇ ವಯಸ್ಸಾಗಿದ್ದರೂ ಇಲ್ಲಿ ಪ್ಲಾನ್ ಕೊಳ್ಳಬಹುದು.

ಇದರ ದೊಡ್ಡ ಗುಣ ಏನೆಂದರೆ, ಹಳೇ ಕಾಯಿಲೆ ಇದೆ ಎಂದು ಬೇಡ ಅನ್ನುವ ಹಾಗಿಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕೇಳುವ ಹಾಗೂ ಇಲ್ಲ. ಸಕ್ಕರೆ ಕಾಯಿಲೆ, ಬಿಪಿ, ಹಾರ್ಟ್‌ಗೆ ಸ್ಟೆಂಟ್ ಹಾಕಿಸಿದ್ದು, ಯಾವುದೇ ಇರಲಿ, ಮೊದಲ ದಿನದಿಂದ ರಕ್ಷಣೆ ಇರುತ್ತದೆ. ಊರಿನ ಪಾಲಿಸಿಗಳಲ್ಲಿರುವ ಹಾಗೆ ವರ್ಷಗಟ್ಟಲೆ ಕಾಯುವ ಅವಧಿ ಇಲ್ಲ.

ದಿನಗಳ ಲೆಕ್ಕ ಮಾತ್ರ ಮರೆಯಬೇಡಿ. ಹೊಸದಾಗಿ ದೇಶಕ್ಕೆ ಬಂದವರಿಗೆ ಬಂದ ದಿನದಿಂದ 60 ದಿನ ಸಮಯ ಇರುತ್ತದೆ. ಅದು ತಪ್ಪಿದರೆ ನವೆಂಬರ್ 1ಕ್ಕೆ ಶುರುವಾಗುವ ವಾರ್ಷಿಕ ನೋಂದಣಿವರೆಗೆ ಕಾಯಬೇಕು, ವಿಮೆ ಶುರುವಾಗುವುದು ಜನವರಿಗೆ. ಬೇಸಿಗೆಯಲ್ಲಿ ಬಂದವರು ಜೆಟ್‌ಲ್ಯಾಗ್, ಮೊಮ್ಮಕ್ಕಳು, ದೇವಸ್ಥಾನ ಎಂದು ಓಡಾಡುವಷ್ಟರಲ್ಲಿ 60 ದಿನ ಕಳೆದೇ ಹೋಗಿರುತ್ತದೆ. ನಾನು ಅವರು ಬಂದ ಮೊದಲ ವಾರದಲ್ಲೇ ಅರ್ಜಿ ಹಾಕಿದೆ. ಪ್ಲಾನ್ ಆರಿಸಿದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ವಿಮೆ ಶುರುವಾಗುತ್ತದೆ. ನಡುವಿನ ಕೆಲವು ವಾರಗಳಿಗೆ ಮಾತ್ರ ಒಂದು ತಾತ್ಕಾಲಿಕ ಪಾಲಿಸಿ ತೆಗೆದುಕೊಳ್ಳಿ.

ಪ್ರೀಮಿಯಂ ವಯಸ್ಸಿನ ಜೊತೆ ಏರುತ್ತದೆ. ಕಾನೂನಿನ ಪ್ರಕಾರ ಹಿರಿಯರಿಗೆ 21 ವರ್ಷದವರ ಮೂರು ಪಟ್ಟಿನವರೆಗೆ ಹಾಕಬಹುದು. ಪ್ರೀಮಿಯಂಗೆ ಸರ್ಕಾರದ ಸಹಾಯಧನ ಸಿಗದಿದ್ದರೆ ಒಬ್ಬರಿಗೆ ತಿಂಗಳಿಗೆ ಸಾವಿರ ಡಾಲರ್ ದಾಟುವುದು ಅಪರೂಪವೇನಲ್ಲ. ನ್ಯೂಯಾರ್ಕ್ ಮತ್ತು ವರ್ಮಾಂಟ್‌ನಲ್ಲಿ ಮಾತ್ರ ವಯಸ್ಸು ನೋಡಿ ಪ್ರೀಮಿಯಂ ಏರಿಸುವ ಹಾಗಿಲ್ಲ. ಬೇರೆ ಬೇರೆ ರಾಜ್ಯಗಳಲ್ಲಿ ಇಬ್ಬರು ಮಕ್ಕಳಿದ್ದು, ಅಪ್ಪ-ಅಮ್ಮ ಯಾರ ಮನೆಯಲ್ಲಿ ಇರಬೇಕು ಎಂದು ಯೋಚಿಸುತ್ತಿದ್ದರೆ, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಹಾಯಧನ ಸಿಗುತ್ತದಾ? ಅವರಿಗೆ ಊರಿನ ಪಿಂಚಣಿ ಬಿಟ್ಟು ಬೇರೆ ಆದಾಯ ಇಲ್ಲ.

ಇದಕ್ಕೆ ಉತ್ತರ ಬರೆಯುವಾಗ ಬೇಸರವಾಗುತ್ತದೆ. ನಮ್ಮ ಅಪ್ಪ-ಅಮ್ಮ ಬಂದಾಗ, ಆದಾಯ ತೀರಾ ಕಡಿಮೆ ಇದ್ದು, 5 ವರ್ಷ ಆಗಿಲ್ಲ ಎನ್ನುವ ಕಾರಣಕ್ಕೆ ಮೆಡಿಕೈಡ್ (ಬಡವರಿಗಾಗಿ ಇರುವ ಸರ್ಕಾರಿ ವಿಮೆ) ಸಿಗದ ಗ್ರೀನ್ ಕಾರ್ಡಿನವರಿಗೂ ಸಹಾಯಧನ ಇತ್ತು. ನಾವು ಆ 5 ವರ್ಷ ದಾಟಿದ್ದೇ ಅದರ ಬಲದಿಂದ. 2025ರ ಜುಲೈನಲ್ಲಿ ಬಂದ ಹೊಸ ಕಾನೂನು ಈ ಅವಕಾಶವನ್ನು 2026ರ ಜನವರಿ 1ರಿಂದ ತೆಗೆದುಹಾಕಿತು. ಹಳೇ ಅನುಭವ ಇರುವ ಸ್ನೇಹಿತರು "ಅಯ್ಯೋ, ಬರೀ ಹತ್ತಿಪ್ಪತ್ತು ಡಾಲರ್‌ಗೆ ಪ್ಲಾನ್ ಸಿಗತ್ತೆ" ಎಂದರೆ, ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಾಲದ ಮಾತು ಹೇಳುತ್ತಿದ್ದಾರೆ.

ಈಗಿನ ಲೆಕ್ಕ ಹೀಗಿದೆ. ಸಹಾಯಧನಕ್ಕೆ ಕುಟುಂಬದ ಆದಾಯ ಬಡತನ ರೇಖೆಯ 100ರಿಂದ 400 ಶೇಕಡಾ ನಡುವೆ ಇರಬೇಕು. 2026ರ ವಿಮೆಗೆ ಇಬ್ಬರ ಕುಟುಂಬಕ್ಕೆ ಅದು 21,150ರಿಂದ 84,600 ಡಾಲರ್. ತಿಂಗಳಿಗೆ 40,000 ರೂಪಾಯಿ ಪಿಂಚಣಿ ಎಂದರೆ ವರ್ಷಕ್ಕೆ 4.8 ಲಕ್ಷ. ಡಾಲರ್‌ನಲ್ಲಿ ಐದೂವರೆ ಸಾವಿರದ ಆಸುಪಾಸು, ಕೆಳಗಿನ ಗೆರೆಯನ್ನೂ ಮುಟ್ಟುವುದಿಲ್ಲ.

ಆದರೆ ಒಂದು ವಿಷಯ ಗಮನಿಸಿ. ಗ್ರೀನ್ ಕಾರ್ಡ್ ಬಂದ ಮೇಲೆ ಊರಿನ ಆದಾಯವೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಪಿಂಚಣಿ, ಎಫ್‌ಡಿ ಬಡ್ಡಿ, ಮನೆ ಬಾಡಿಗೆ, ಎಲ್ಲವೂ. ಬೆಂಗಳೂರಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟವರು ಇದನ್ನೆಲ್ಲ ಸರಿಯಾಗಿ ತೋರಿಸಿದಾಗ ಗೆರೆ ದಾಟುವುದುಂಟು. ಅಂಥವರಿಗೆ ಸಹಾಯಧನ ಸಿಗಬಹುದು. ಇಲ್ಲದ ಆದಾಯ ತೋರಿಸಲು ಮಾತ್ರ ಹೋಗಬೇಡಿ.

ಇನ್ನೊಂದು ಮಾತು. ನಿಮ್ಮ ತೆರಿಗೆ ರಿಟರ್ನ್ಸ್‌ನಲ್ಲಿ ಅಪ್ಪ-ಅಮ್ಮ ನಿಮ್ಮ ಅವಲಂಬಿತರು ಎಂದು ತೋರಿಸಿದರೆ, ಸಹಾಯಧನಕ್ಕೆ ನಿಮ್ಮ ಆದಾಯವನ್ನೂ ಸೇರಿಸಿ ನೋಡುತ್ತಾರೆ. ಎರಡು ದಾರಿಯಲ್ಲೂ ಲೆಕ್ಕ ಹಾಕಿ ನೋಡಲು ತೆರಿಗೆ ಗೊತ್ತಿರುವವರ ಹತ್ತಿರ ಒಂದು ಗಂಟೆ ಕೂತುಕೊಳ್ಳಿ. ಅದಕ್ಕೆ ಕೊಡುವ ಫೀಸು ದಂಡವಲ್ಲ.

ವಿಸಿಟರ್ ಇನ್ಶೂರೆನ್ಸ್ ಅಗ್ಗ ಅಲ್ವಾ? ಅದೇ ಸಾಕಾಗಲ್ವಾ?

ಇದಕ್ಕೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. 2017ರ ಡಿಸೆಂಬರ್. ಅಪ್ಪ-ಅಮ್ಮ ಆಗ ವಿಸಿಟರ್ ವೀಸಾ ಮೇಲೆ ಬಂದಿದ್ದರು. ಒಂದು ರಾತ್ರಿ ಅಮ್ಮ ಊಟ ಬೇಡ ಎಂದು ಜೀರಿಗೆ ಕಷಾಯ ಕುಡಿದು ಮಲಗಿದಳು. ಬೆಳಗಿನ ಜಾವ ನಾಲ್ಕಕ್ಕೆ ನೀರು ಕುಡಿಯಲು ಎದ್ದರೆ ಅಡುಗೆಮನೆಯಲ್ಲಿ ಲೈಟ್ ಉರಿಯುತ್ತಿತ್ತು. ಅಮ್ಮ ಕುರ್ಚಿಯಲ್ಲಿ ಕೂತು ಎದೆ ಒತ್ತಿಕೊಂಡಿದ್ದಳು. ಸ್ವೆಟರ್ ಬೆವರಿಗೆ ಒದ್ದೆಯಾಗಿತ್ತು. ಯಾಕಮ್ಮ ಎಬ್ಬಿಸಲಿಲ್ಲ ಎಂದರೆ, "ಇಲ್ಲಿ ಆಸ್ಪತ್ರೆಗೆ ಹೋದ್ರೆ ನಿಮ್ಮ ಮನೆ ಸಾಲದ ಕಂತೆಲ್ಲ ಅಲ್ಲೇ ಹೋಗತ್ತಂತಲ್ಲೇ, ಬೆಳಕಾಗ್ಲಿ ಅಂತ ಸುಮ್ನೆ ಕೂತೆ" ಅಂದಳು.

ದೇವರ ದಯೆ, ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿ ಕಳಿಸಿದರು. ಬಿಲ್ ಐದಂಕಿ ದಾಟಿತ್ತು. ನಾನು ಕೊಂಡಿದ್ದು ಎಲ್ಲಕ್ಕಿಂತ ಅಗ್ಗದ ಪಾಲಿಸಿ. ಅದು ಎಮರ್ಜೆನ್ಸಿ ರೂಮಿಗೆ ಇಷ್ಟು, ಸ್ಕ್ಯಾನ್‌ಗೆ ಇಷ್ಟು ಎಂದು ಮೊದಲೇ ನಿಗದಿ ಮಾಡಿದ ಸಣ್ಣ ಮೊತ್ತ ಮಾತ್ರ ಕೊಡುವಂಥದ್ದು. ಅದನ್ನೂ, ಅಮ್ಮನಿಗೆ ಮೊದಲೇ ಬಿಪಿ ಇತ್ತು ಎಂದು ಮೂರು ತಿಂಗಳು ಎಳೆದಾಡಿದರು.

ಆಮೇಲೆ ಕಲಿತದ್ದು: ವಿಸಿಟರ್ ಪಾಲಿಸಿಯಲ್ಲಿ ಎರಡು ಬಗೆ. ನಿಗದಿತ ಮೊತ್ತದ್ದು ಒಂದು. ಡಿಡಕ್ಟಿಬಲ್ (ಮೊದಲು ನಾವೇ ಭರಿಸಬೇಕಾದ ಮೊತ್ತ) ಕಟ್ಟಿದ ಮೇಲೆ ಬಿಲ್‌ನ ದೊಡ್ಡ ಪಾಲು ಕೊಡುವ ಕಾಂಪ್ರೆಹೆನ್ಸಿವ್ ಇನ್ನೊಂದು. ಆರೆಂಟು ವಾರಕ್ಕೆ ಬರುವವರಿಗೂ ಎರಡನೆಯದನ್ನೇ ತೆಗೆದುಕೊಳ್ಳಿ. ಹಳೇ ಕಾಯಿಲೆ ಇವೆರಡರಲ್ಲೂ ಸಾಮಾನ್ಯವಾಗಿ ಹೊರಗೇ ಇರುತ್ತದೆ. "ಅಕ್ಯೂಟ್ ಆನ್‌ಸೆಟ್" ಎಂಬ ಒಂದು ಷರತ್ತು ಇರುತ್ತದೆ. ಹಳೇ ಕಾಯಿಲೆ ಸೂಚನೆ ಕೊಡದೆ ದಿಢೀರ್ ಕೆರಳಿದರೆ, ನಿಗದಿತ ಗಂಟೆಗಳೊಳಗೆ ಚಿಕಿತ್ಸೆಗೆ ಹೋದರೆ ಮಾತ್ರ ಕೊಡುತ್ತೇವೆ ಎಂದು ಅದರ ಅರ್ಥ. ಒಂದು ವಯಸ್ಸು ದಾಟಿದವರಿಗೆ ಅದರ ಮಿತಿ ತೀರಾ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ಆ ಪುಟವನ್ನು ಓದದೆ ದುಡ್ಡು ಕಟ್ಟಬೇಡಿ.

ವಾಸಕ್ಕೇ ಬಂದವರಿಗೆ ಇಂಥ ಪಾಲಿಸಿ 5 ವರ್ಷದ ಆಸರೆ ಆಗುವುದಿಲ್ಲ. ಮಾರ್ಕೆಟ್‌ಪ್ಲೇಸ್ ಪ್ಲಾನ್ ಕೈಗೆಟುಕದೇ ಇದ್ದರೆ, ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಎನ್ನಬಹುದು, ಅಷ್ಟೇ. ಗ್ರೀನ್ ಕಾರ್ಡ್ ಇದ್ದವರಿಗೆ ಆ ಪಾಲಿಸಿ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳಿ.

ಮೆಡಿಕೈಡ್?

ಬಡವರಿಗಾಗಿ ಇರುವ ಈ ಯೋಜನೆಗೂ 1996ರ ಕಾನೂನು 5 ವರ್ಷದ ತಡೆ ಹಾಕಿದೆ. ಕೆಲವು ರಾಜ್ಯಗಳು ತಮ್ಮ ದುಡ್ಡಿನಲ್ಲಿ ಸ್ವಲ್ಪ ಉದಾರವಾಗಿವೆ, ನಿಮ್ಮ ರಾಜ್ಯದಲ್ಲಿ ವಿಚಾರಿಸಿ. 5 ವರ್ಷ ಆದ ಮೇಲೂ ಒಂದು ತೊಡಕಿದೆ. ಅಪ್ಪ-ಅಮ್ಮನನ್ನು ಕರೆಸುವಾಗ ನೀವು ಐ-864 ಎಂಬ ಮುಚ್ಚಳಿಕೆಗೆ ಸಹಿ ಹಾಕಿರುತ್ತೀರಿ, ಇವರನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ಅವರು ಪ್ರಜೆಗಳಾಗುವವರೆಗೆ ಅಥವಾ ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಬರುವವರೆಗೆ ಅದು ನಿಮ್ಮನ್ನು ಬಿಡುವುದಿಲ್ಲ. ಮೆಡಿಕೈಡ್ ಕೊಡುವಾಗ ನಿಮ್ಮ ಆದಾಯವನ್ನೂ ಅವರ ಆದಾಯ ಎಂದೇ ಎಣಿಸಬಹುದು.

5 ವರ್ಷ ಆಯಿತು. ಈಗ ಮೆಡಿಕೇರ್ ಉಚಿತವಾ?

ಅಲ್ಲ. ಪಾರ್ಟ್ ಎ ಎಂದರೆ ಆಸ್ಪತ್ರೆ ವಾಸದ ಖರ್ಚು. ಇಲ್ಲಿ ಕನಿಷ್ಠ 10 ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ, ಅವರ ಗಂಡ ಅಥವಾ ಹೆಂಡತಿಗೆ ಇದರ ಪ್ರೀಮಿಯಂ ಇಲ್ಲ. ಮಕ್ಕಳ ದುಡಿಮೆ ಲೆಕ್ಕಕ್ಕಿಲ್ಲ. ನಾನು ಇಪ್ಪತ್ತು ವರ್ಷದಿಂದ ಮೆಡಿಕೇರ್ ತೆರಿಗೆ ಕಟ್ಟುತ್ತಿದ್ದೇನೆ, ಅದರಿಂದ ಅಪ್ಪನಿಗೆ ಒಂದು ಪೈಸೆ ರಿಯಾಯಿತಿ ಬರಲಿಲ್ಲ.

ದುಡಿಮೆ ಇಲ್ಲದವರಿಗೆ 2026ರಲ್ಲಿ ಪಾರ್ಟ್ ಎ ತಿಂಗಳಿಗೆ 565 ಡಾಲರ್. ಡಾಕ್ಟರ್ ಭೇಟಿ, ಟೆಸ್ಟು, ಹೊರರೋಗಿ ಚಿಕಿತ್ಸೆಯ ಪಾರ್ಟ್ ಬಿ 202.90 ಡಾಲರ್. ಎರಡೂ ಸೇರಿ ಒಬ್ಬರಿಗೆ 767.90, ಇಬ್ಬರಿಗೆ 1,535.80. ದೊಡ್ಡ ಮೊತ್ತವೇ. ಆದರೆ ಇದು ವಯಸ್ಸು ನೋಡಿ ಏರುವುದಿಲ್ಲ, ಹಳೇ ಕಾಯಿಲೆ ಕೇಳುವುದಿಲ್ಲ. 80ರ ನಂತರ ಇದರ ಬೆಲೆ ಗೊತ್ತಾಗುತ್ತದೆ.

ಇದರ ಮೇಲೂ ಕೈಯಿಂದ ಖರ್ಚಿದೆ. ಆಸ್ಪತ್ರೆಗೆ ಸೇರಿದರೆ ಮೊದಲ 1,736 ಡಾಲರ್ ನಮ್ಮದು. ಪಾರ್ಟ್ ಬಿಯಲ್ಲಿ ವರ್ಷಕ್ಕೆ 283 ಡಾಲರ್ ಆದ ಮೇಲೆ ಬಿಲ್‌ನ 20 ಶೇಕಡಾ ನಮ್ಮದು, ಅದಕ್ಕೆ ಮೇಲ್ಮಿತಿ ಇಲ್ಲ. ಈ 20 ಶೇಕಡಾ ತುಂಬಲು ಮೆಡಿಗ್ಯಾಪ್ ಪಾಲಿಸಿ ಕೊಳ್ಳಬಹುದು. 65 ದಾಟಿದವರಿಗೆ ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳು ಕಾಯಿಲೆ ಕಾರಣಕ್ಕೆ ಅದನ್ನು ಯಾರೂ ನಿರಾಕರಿಸುವ ಹಾಗಿಲ್ಲ. ಆ 6 ತಿಂಗಳು ಬಿಟ್ಟರೆ ಎಷ್ಟೋ ರಾಜ್ಯಗಳಲ್ಲಿ ಬೇಡ ಅನ್ನಬಹುದು.

ಆದಾಯ ತೀರಾ ಕಡಿಮೆ ಇರುವವರಿಗೆ ಈ ಪ್ರೀಮಿಯಂಗಳನ್ನೇ ಕಟ್ಟುವ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂಗಳಿವೆ. ಅದನ್ನು ನಡೆಸುವುದು ರಾಜ್ಯದ ಮೆಡಿಕೈಡ್ ಕಚೇರಿ. ಅಪ್ಪ-ಅಮ್ಮ ಪ್ರಜೆಗಳಾಗಿ ಮುಚ್ಚಳಿಕೆ ಮುಗಿದ ಮೇಲೆ ಖಂಡಿತ ಅರ್ಜಿ ಹಾಕಿ ನೋಡಿ.

ದುಡ್ಡು ಉಳಿಸಲು ಪಾರ್ಟ್ ಬಿ ಒಂದೇ ತೆಗೆದುಕೊಂಡರೆ?

ತೆಗೆದುಕೊಳ್ಳಬಹುದು. ಆದರೆ ನಾನು ಹೆದರುತ್ತೇನೆ. ಸೊಂಟದ ಮೂಳೆ ಮುರಿದು ಐದು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಬರುವ ಬಿಲ್ಲಿನ ದೊಡ್ಡ ಭಾಗ ಪಾರ್ಟ್ ಎಗೆ ಸೇರಿದ್ದು. ಎ ಇಲ್ಲದೆ ಮೆಡಿಗ್ಯಾಪ್ ಇಲ್ಲ, ಖಾಸಗಿ ಕಂಪನಿಗಳು ಮೆಡಿಕೇರ್ ಬದಲಿಗೆ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್ ಕೂಡ ಇಲ್ಲ.

ಸ್ವಲ್ಪ ತಡವಾಗಿ ಸೇರಿದರೆ ಏನಾಗುತ್ತದೆ?

ದಂಡ ಬೀಳುತ್ತದೆ. ಅರ್ಹತೆ ಬರುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಹೀಗೆ 7 ತಿಂಗಳು ನಿಮ್ಮದು. ಅದು ದಾಟಿದರೆ ಪಾರ್ಟ್ ಬಿ ಪ್ರೀಮಿಯಂ ಮೇಲೆ ಪ್ರತಿ ಪೂರ್ತಿ ವರ್ಷಕ್ಕೆ 10 ಶೇಕಡಾ, ಅದೂ ಮೆಡಿಕೇರ್ ಇರುವಷ್ಟು ಕಾಲ. ಮಾರ್ಕೆಟ್‌ಪ್ಲೇಸ್ ಪ್ಲಾನ್ ಇತ್ತು ಎನ್ನುವ ಕಾರಣ ನಡೆಯುವುದಿಲ್ಲ. ಗ್ರೀನ್ ಕಾರ್ಡಿನ ಮೇಲೆ ಎಂದಿನಿಂದ ವಾಸ ಎನ್ನುವ ದಿನಾಂಕ ಇರುತ್ತದೆ. ಅದಕ್ಕೆ 5 ವರ್ಷ ಸೇರಿಸಿ, ಮೂರು ತಿಂಗಳು ಹಿಂದಕ್ಕೆ ಹೋಗಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಮ್ಮ ಮನೆಯಲ್ಲಿ ಆ ಗುರುತನ್ನು ಅಪ್ಪನೇ ಕೆಂಪು ಪೆನ್ನಿನಲ್ಲಿ ಪ್ರತಿ ವರ್ಷದ ಹೊಸ ಕ್ಯಾಲೆಂಡರ್‌ಗೆ ಹಾಕುತ್ತಿದ್ದರು.

ಅಪ್ಪ ಊರಲ್ಲಿ 35 ವರ್ಷ ಸರ್ಕಾರಿ ಸೇವೆ ಮಾಡಿದ್ದಾರೆ. ಅದು ಲೆಕ್ಕಕ್ಕೆ ಬರಲ್ವಾ?

ಬರುವುದಿಲ್ಲ. ಸೇವಾವಧಿ ಕೂಡಿಸಿಕೊಳ್ಳುವ ಒಪ್ಪಂದ ಅಮೆರಿಕಕ್ಕೆ ಹಲವು ದೇಶಗಳ ಜೊತೆ ಇದೆ, ಭಾರತದ ಜೊತೆ ಇಲ್ಲ. ಇರುವ ಒಪ್ಪಂದಗಳೂ ಇಲ್ಲಿನ ಪಿಂಚಣಿಯಂಥವಕ್ಕೆ, ಮೆಡಿಕೇರ್‌ಗಲ್ಲ.

ಇಲ್ಲೇ ದುಡಿದರೆ? 2026ರಲ್ಲಿ 1,890 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್ (ದುಡಿಮೆ ಎಣಿಸುವ ಅಂಕ), ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಪ್ರೀಮಿಯಂ ಇಲ್ಲದ ಪಾರ್ಟ್ ಎಗೆ 40 ಕ್ರೆಡಿಟ್ ಬೇಕು, ಅಂದರೆ ಕಡಿಮೆಯೆಂದರೂ 10 ವರ್ಷ. 60ರ ಹೊತ್ತಿಗೆ ಬಂದು, ಶಾಲೆಯಲ್ಲೋ ಅಂಗಡಿಯಲ್ಲೋ ಅರ್ಧ ದಿನದ ಕೆಲಸ ಮಾಡುವ ಆಸೆ ಇದ್ದವರಿಗೆ ಇದು ಒಳ್ಳೆಯದೇ. 30 ಕ್ರೆಡಿಟ್ ಆದರೂ ಪಾರ್ಟ್ ಎ ಪ್ರೀಮಿಯಂ 311ಕ್ಕೆ ಇಳಿಯುತ್ತದೆ. 70ರ ಅಪ್ಪನನ್ನು ಮೆಡಿಕೇರ್‌ಗಾಗಿ ಕೆಲಸಕ್ಕೆ ಕಳಿಸುವ ಯೋಚನೆ ಮಾತ್ರ ಬೇಡ.

ವರ್ಷದಲ್ಲಿ ಆರು ತಿಂಗಳು ಊರು, ಆರು ತಿಂಗಳು ಇಲ್ಲಿ. ಪರವಾಗಿಲ್ವಾ?

ಒಂದೇ ಸಲಕ್ಕೆ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಸತತ ವಾಸದ ಬಗ್ಗೆ ಪ್ರಶ್ನೆ ಬರಬಹುದು. ಒಂದು ವರ್ಷ ದಾಟುವುದಾದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್ (ಮರಳಿ ಬರಲು ಅನುಮತಿ ಪತ್ರ) ಮಾಡಿಸಬೇಕು, ಇಲ್ಲದಿದ್ದರೆ ಗ್ರೀನ್ ಕಾರ್ಡಿಗೇ ಕುತ್ತು. ಊರಿಗೆ ಹೋದಾಗ ಮೆಡಿಕೇರ್ ಸಾಮಾನ್ಯವಾಗಿ ಒಂದು ಡಾಲರ್ ಕೊಡುವುದಿಲ್ಲ.

ಇಲ್ಲಿಗೇ ಬಂದಾಯಿತು. ಊರಿನ ಮೆಡಿಕ್ಲೇಮ್ ಪಾಲಿಸಿ ನಿಲ್ಲಿಸೋಣವಾ?

ದಯವಿಟ್ಟು ನಿಲ್ಲಿಸಬೇಡಿ. ಪ್ರತಿ ವರ್ಷ ತಪ್ಪದೆ ನವೀಕರಿಸಿ. ಮಂಡಿ ಆಪರೇಷನ್, ಕಣ್ಣಿನ ಪೊರೆ, ಹೀಗೆ ಮೊದಲೇ ದಿನ ಗೊತ್ತು ಮಾಡಿಕೊಂಡು ಮಾಡಿಸುವ ಚಿಕಿತ್ಸೆಗೆ ಎಷ್ಟೋ ಜನ ಬೆಂಗಳೂರು, ಮೈಸೂರು, ಮಂಗಳೂರಿಗೇ ಹೋಗುತ್ತಾರೆ. ಅಲ್ಲಿ ಮಾತು ಗೊತ್ತು, ನೋಡಿಕೊಳ್ಳಲು ತಂಗಿಯೋ ನಾದಿನಿಯೋ ಇರುತ್ತಾರೆ. 5 ವರ್ಷದ ಅವಧಿಯಲ್ಲಿ ಆ ಪಾಲಿಸಿಯೇ ಎರಡನೇ ಆಸರೆ.

ಬಿಟ್ಟು ಮತ್ತೆ ಹೊಸದಾಗಿ ಮಾಡಿಸಿದರೆ ಹಳೇ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಸತತ 5 ವರ್ಷ ನಡೆದ ಪಾಲಿಸಿಯಲ್ಲಾದರೆ, ವಂಚನೆ ಮಾಡಿದ್ದನ್ನು ಬಿಟ್ಟು, ಕಾಯಿಲೆ ಹೇಳಿರಲಿಲ್ಲ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ. ಪಾಲಿಸಿ ಇಲ್ಲದವರಿಗೂ ದಾರಿ ಮುಚ್ಚಿಲ್ಲ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಮಿತಿಯನ್ನು ಅಲ್ಲಿನ ವಿಮಾ ನಿಯಂತ್ರಕರು 2024ರ ಏಪ್ರಿಲ್‌ನಿಂದ ತೆಗೆದಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲೆ ಜಿಎಸ್‌ಟಿ ಕೂಡ ಇಲ್ಲ. ವಿಳಾಸ, ವಾಸ ಬದಲಾಗಿದ್ದನ್ನು ಕಂಪನಿಗೆ ಬರೆದು ತಿಳಿಸಿ, ಉತ್ತರ ಇಟ್ಟುಕೊಳ್ಳಿ.

ವಿಮೆ ಇಲ್ಲ, ರಾತ್ರಿ ಎದೆನೋವು ಬಂತು. ಆಸ್ಪತ್ರೆಯವರು ಸೇರಿಸಿಕೊಳ್ಳುತ್ತಾರಾ?

ಇಲ್ಲಿನ ತುರ್ತು ಸಹಾಯದ ನಂಬರ್ 911 ಒತ್ತಿ. ಆಮೇಲೆ ಉಳಿದ ಯೋಚನೆ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿ ರೂಮಿಗೆ ಬಂದವರನ್ನು ದುಡ್ಡು ಕೇಳದೆ ಪರೀಕ್ಷಿಸಬೇಕು, ಅಪಾಯದಿಂದ ಪಾರು ಮಾಡಬೇಕು. ಇದನ್ನು ಅಪ್ಪ-ಅಮ್ಮನಿಗೂ ಹೇಳಿಡಿ, ಅಡುಗೆಮನೆಯಲ್ಲಿ ಒಬ್ಬರೇ ಬೆಳಗಾಗುವುದನ್ನು ಕಾಯುವ ಹಾಗಾಗಬಾರದು.

ಬಿಲ್ ಬಂದೇ ಬರುತ್ತದೆ. ಬಂದ ಕೂಡಲೇ ಕಟ್ಟಬೇಡಿ, ಬಿಸಾಕಲೂಬೇಡಿ. ಮೊದಲು ಪ್ರತಿ ಬಾಬ್ತು ಬಿಡಿಸಿ ಬರೆದ ಬಿಲ್ ಕೇಳಿ. ಆಮೇಲೆ "ಫೈನಾನ್ಶಿಯಲ್ ಅಸಿಸ್ಟೆನ್ಸ್" ಅರ್ಜಿ ಕೇಳಿ. ಲಾಭಕ್ಕಲ್ಲದ ಆಸ್ಪತ್ರೆಗಳೆಲ್ಲ ಇಂಥ ಲಿಖಿತ ನೀತಿ ಇಟ್ಟುಕೊಂಡಿರಲೇಬೇಕು. ಅಮ್ಮನ ಬಿಲ್ಲಿನಲ್ಲಿ ಒಂದೇ ಟೆಸ್ಟ್ ಎರಡು ಸಲ ಬರೆದಿತ್ತು. ಅದನ್ನು ತೆಗೆಸಿ, ಅರ್ಜಿ ಹಾಕಿ, ನಾಲ್ಕು ತಿಂಗಳ ಪತ್ರ ವ್ಯವಹಾರದ ನಂತರ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಉಳಿದದ್ದನ್ನು ಬಡ್ಡಿಯಿಲ್ಲದ ಕಂತಿನಲ್ಲಿ ಕಟ್ಟಿದೆವು.

ದಿನನಿತ್ಯದ ಬಿಪಿ, ಸಕ್ಕರೆ ತಪಾಸಣೆಗೆ ಎಮರ್ಜೆನ್ಸಿ ಬೇಡ. ಆದಾಯ ನೋಡಿ ಫೀಸು ತೆಗೆದುಕೊಳ್ಳುವ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳು ಪ್ರತಿ ರಾಜ್ಯದಲ್ಲೂ ಇವೆ.

ಮಾತ್ರೆಗಳ ಕಥೆ ಏನು?

ಬರುವಾಗ ಚೀಟಿ ಸಮೇತ ಮೂರು ತಿಂಗಳಿಗಾಗುವಷ್ಟು ತನ್ನಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಡಾಕ್ಟರ್ ಹತ್ತಿರ ಬರೆಸಿ, ಇಲ್ಲಿನವರಿಗೆ ನಮ್ಮ ಬ್ರ್ಯಾಂಡ್‌ಗಳು ಗೊತ್ತಾಗುವುದಿಲ್ಲ. ಮೆಟ್‌ಫಾರ್ಮಿನ್‌ನಂಥ ಹಳೇ ಜೆನೆರಿಕ್ ಮಾತ್ರೆಗಳು ವಿಮೆ ಇಲ್ಲದೆಯೂ ಇಲ್ಲಿ ಅಗ್ಗವೇ. ಮೆಡಿಕೇರ್‌ಗೆ ಬಂದ ಮೇಲೆ ಔಷಧಿ ಖರ್ಚಿನ ಪಾರ್ಟ್ ಡಿ ಸೇರಿ. 2026ರಲ್ಲಿ ಆ ಪ್ಲಾನ್‌ನ ಔಷಧಿಗೆ ಕೈಯಿಂದ ಕಟ್ಟುವುದು ವರ್ಷಕ್ಕೆ 2,100 ಡಾಲರ್ ದಾಟುವುದಿಲ್ಲ. ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರುವಂತಿಲ್ಲ.

ಆಗಾಗ ಅವರ ಮಾತ್ರೆ ಡಬ್ಬ ತೆಗೆದು ನೋಡಿ. ಆಸ್ಪತ್ರೆಯಿಂದ ಬಂದ ವಾರ ಅಮ್ಮನ ಹಳೇ ಸ್ಟೀಲ್ ಡಬ್ಬ ತೆಗೆದರೆ, ಬಿಪಿ ಮಾತ್ರೆಗಳನ್ನು ಉಗುರಿನಲ್ಲಿ ಅರ್ಧರ್ಧ ಮುರಿದು ಪೇಪರ್ ಚೂರಿನಲ್ಲಿ ಸುತ್ತಿಟ್ಟಿದ್ದಳು. ಊರಿಗೆ ಹೋಗುವವರೆಗೆ ಸಾಕಾಗಲಿ ಎಂದು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ.

ಕನ್ನಡ ದುಭಾಷಿ ಬೇಕು ಎಂದು ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ಒದಗಿಸಬೇಕು, ಹೆಚ್ಚಾಗಿ ಫೋನ್‌ನಲ್ಲೇ ಸಿಗುತ್ತಾರೆ. ನಾನೇ ಇದ್ದೇನಲ್ಲ ಎಂದುಕೊಳ್ಳಬೇಡಿ. ಅಮ್ಮ ಅವತ್ತು "ಸಂಕಟ ಆಗ್ತಿದೆ" ಅಂದಾಗ ನಾನು ಗಾಬರಿಯಲ್ಲಿ ಹೊಟ್ಟೆ ತೊಳೆಸುತ್ತಿದೆ ಎಂದು ಹೇಳಿಬಿಟ್ಟೆ. ಅವಳು ಹೇಳಿದ್ದು ಎದೆಯ ಸಂಕಟ.

ಹಲ್ಲು, ಕನ್ನಡಕ, ಮನೆಯಲ್ಲಿ ನೋಡಿಕೊಳ್ಳುವವರು?

ಹಲ್ಲು, ಕನ್ನಡಕ, ಕಿವಿಯ ಯಂತ್ರ, ಇವು ಮೂಲ ಮೆಡಿಕೇರ್‌ನಲ್ಲಿ ಹೆಚ್ಚುಕಡಿಮೆ ಇಲ್ಲ. ಹಲ್ಲಿನ ಕೆಲಸ ಊರಿಗೆ ಹೋದಾಗ ಮಾಡಿಸಿ. ಸ್ನಾನ ಮಾಡಿಸಲು, ಊಟ ಕೊಡಲು ದೀರ್ಘಕಾಲ ಜನ ಬೇಕಾದರೆ ಅದನ್ನೂ ಮೆಡಿಕೇರ್ ಕೊಡುವುದಿಲ್ಲ. ಮನೆಯಲ್ಲಿ ಅಣ್ಣ-ತಮ್ಮ, ಅಕ್ಕ-ತಂಗಿಯರು ಇದನ್ನು ಎಲ್ಲರೂ ಗಟ್ಟಿಯಾಗಿರುವಾಗಲೇ ಮಾತಾಡಿಕೊಳ್ಳುವುದು ವಾಸಿ.

ದುಡ್ಡು ಕೊಡದೆ ಯಾರನ್ನು ಕೇಳಬಹುದು?

ಮಾರ್ಕೆಟ್‌ಪ್ಲೇಸ್‌ಗೆ ನ್ಯಾವಿಗೇಟರ್ ಎನ್ನುವ ಸಹಾಯಕರಿದ್ದಾರೆ. ಮೆಡಿಕೇರ್‌ಗೆ ಪ್ರತಿ ರಾಜ್ಯದಲ್ಲೂ ಶಿಪ್ ಎನ್ನುವ ಸಲಹಾ ಕೇಂದ್ರವಿದೆ. ಇಬ್ಬರೂ ಉಚಿತ, ಯಾವ ಕಂಪನಿಯ ಪಾಲಿಸಿಯನ್ನೂ ಮಾರುವುದಿಲ್ಲ. ಮೆಡಿಕೇರ್ ಅರ್ಜಿ ಹಾಕುವುದು ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ. ಹೋಗುವಾಗ ಗ್ರೀನ್ ಕಾರ್ಡ್, ಪಾಸ್‌ಪೋರ್ಟ್, ಮದುವೆ ಪತ್ರ ಇರಲಿ. ಹಳೇ ಪಾಸ್‌ಪೋರ್ಟ್‌ಗಳನ್ನೂ ತೆಗೆದುಕೊಂಡು ಹೋಗಿ. 5 ವರ್ಷದಲ್ಲಿ ಯಾವಾಗ ಹೋದಿರಿ, ಯಾವಾಗ ಬಂದಿರಿ ಎಂಬ ತಾರೀಖುಗಳನ್ನು ಒಂದು ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಕೌಂಟರಿನಲ್ಲಿ ಅಪ್ಪನಿಗೆ ಮೊದಲು ಕೇಳಿದ ಪ್ರಶ್ನೆ ಅದೇ.